ಟಿವಿ, ವಿಡಿಯೊ ನೋಡಿ ಇಟಾಲಿಯನ್: ಕಿವಿಗೆ ಬೀಳೋದು ಯಾವಾಗ?

ಕೆಂಗೇರಿ ಕೊನೆಸ್ಟಾಪ್
ಆ್ಯಪ್‌ನಲ್ಲಿ ಇಟಾಲಿಯನ್‌ನ ಎ1 ಮಟ್ಟದ (ತೀರಾ ಆರಂಭದ್ದು, ಆಮೇಲೆ ಎ2, ಬಿ1) ಪಾಠ ಮುಗಿದಿದೆ. ಸೆಪ್ಟೆಂಬರ್‌ಗೆ ಓದೋಕೆ ಇಟಲಿಯ ತೊರಿನೊಗೆ (ಟ್ಯೂರಿನ್) ಹೋಗ್ತಿದ್ದೀನಿ. ಕ್ಲಾಸೆಲ್ಲ ಇಂಗ್ಲಿಷ್‌ನಲ್ಲೇ, ಆದರೆ ಅಂಗಡಿ, ಬಾಡಿಗೆ ಮನೆ, ಕ್ವೆಸ್ತೂರ (ಪೊಲೀಸ್ ಕಚೇರಿ) ಇದ್ಯಾವುದೂ ಇಂಗ್ಲಿಷ್‌ನಲ್ಲಿ ನಡೆಯಲ್ಲ ಅಂತಾರೆ. ದಿನಕ್ಕೆ ಒಂದು ಗಂಟೆ ಕೊಡಬಹುದು. "ಗೊಮೊರ್ರಾ" ಸರಣಿಯನ್ನ ಇಂಗ್ಲಿಷ್ ಸಬ್‌ಟೈಟಲ್ ಹಾಕಿ ನೋಡಿದರೆ ಕಲಿತ ಪದ ಒಂದೂ ಕಿವಿಗೆ ಬೀಳ್ತಿಲ್ಲ. ಏನು ನೋಡಬೇಕು, ಹೇಗೆ ನೋಡಬೇಕು?

ದ್ವಿತ್ವ
ನಿಮ್ಮ ಕಿವಿಯದು ತಪ್ಪಿಲ್ಲ ಸರ್. ಅದು ಇಟಾಲಿಯನ್ನೇ ಅಲ್ಲ. 2014ರಿಂದ 2021ರವರೆಗೆ ಬಂದ ಆ ಸರಣಿಯ ಮಾತು ಹೆಚ್ಚಿನಂಶ ನೇಪಲ್ಸ್‌ನ ನಾಪೊಲೆತಾನೊ. ಇಟಲಿಯಲ್ಲೇ ಅದಕ್ಕೆ ಇಟಾಲಿಯನ್ ಸಬ್‌ಟೈಟಲ್ ಹಾಕಿ ತೋರಿಸಿದ್ದರು. "ಹೋಗೋಣ" ಅನ್ನೋದಕ್ಕೆ ಆ್ಯಪ್ ಕಲಿಸಿದ್ದು ಅಂದ್ಯಾಮೊ, ಅಲ್ಲಿ ಕೇಳೋದು ಯಮ್ಮೆ. "ಈಗ" ಅದೆಸ್ಸೊ ಅಲ್ಲ, ಬರೀ ಮೊ. ಇನ್ನೂ ದೊಡ್ಡ ತೊಂದರೆ ಏನಂದ್ರೆ ನಾಪೊಲೆತಾನೊದಲ್ಲಿ ಪದದ ಕೊನೆಯ ಸ್ವರ ಸವೆದು ಹೋಗುತ್ತೆ. ಇಟಾಲಿಯನ್‌ನಲ್ಲಿ ಲಿಂಗ, ವಚನ ಕೂತಿರೋದೇ ಆ ಕೊನೆ ಸ್ವರದಲ್ಲಿ: ಅಮೀಕೊ ಗೆಳೆಯ, ಅಮೀಕ ಗೆಳತಿ, ಅಮೀಚಿ ಗೆಳೆಯರು, ಅಮೀಕೆ ಗೆಳತಿಯರು. ತುಳು ನಾಟಕ ನೋಡ್ತಾ ಕನ್ನಡ ಕಲಿಯೋಕೆ ಕೂತ ಹಾಗಾಯ್ತು.

ನೇಪಲ್ಸ್‌ನದೇ ಇನ್ನೊಂದು ಸರಣಿ "ಲಾಮೀಕ ಜೆನ್ಯಾಲೆ"ಯಲ್ಲೂ (ಮೈ ಬ್ರಿಲಿಯಂಟ್ ಫ್ರೆಂಡ್) ಅರ್ಧಕ್ಕರ್ಧ ಇದೇ ಕಥೆ. ರೋಮ್‌ನ ಗ್ಯಾಂಗ್ ಕಥೆ "ಸುಬುರ್ರ" ಕೂಡ ಸದ್ಯಕ್ಕೆ ಬೇಡ. ಅಲ್ಲಿ ಅಂದ್ಯಾಮೊ ಅನ್ನಾಮೊ ಆಗುತ್ತೆ, ನೊನ್ ಹೋಗಿ ನುನ್ ಆಗುತ್ತೆ.

ಹುಬ್ಬಳ್ಳಿ ಮಿರ್ಚಿ
ಹಂಗಾದ್ರ ಯಾವುದು ನೋಡಬೇಕಂತ ಹೇಳ್ರಿ ಮೊದಲ. ಬ್ಯಾಡಾಗಿದ್ದರ ಪಟ್ಟಿ ಕೊಟ್ಟರ ಏನುಪಯೋಗ.

ದ್ವಿತ್ವ
ಸರಿ ಮಿರ್ಚಿಯವರೆ.

ಎ1 ಮುಗಿಸಿದವರಿಗೆ ಯೂಟ್ಯೂಬ್‌ನ "ಈಸಿ ಇಟಾಲಿಯನ್" ಚಾನೆಲ್. ಬೀದಿಯಲ್ಲಿ ಜನರನ್ನ ನಿಲ್ಲಿಸಿ ಮಾತಾಡಿಸ್ತಾರೆ, ಕೆಳಗೆ ಇಟಾಲಿಯನ್, ಇಂಗ್ಲಿಷ್ ಎರಡೂ ಸಾಲು ಇರುತ್ತೆ. ಇಂಗ್ಲಿಷ್ ಸಾಲನ್ನ ಒಂದು ರಟ್ಟಿನ ತುಂಡಿನಿಂದ ಮುಚ್ಚಿ, ನಗಬೇಡಿ, ಅದಕ್ಕಿಂತ ಒಳ್ಳೆ ಉಪಾಯ ಇಲ್ಲ. ಎ2ಗೆ ಬಂದ ಮೇಲೆ "ದೊನ್ ಮತ್ತೇಯೊ". 2000ದಿಂದ ನಡೆದಿದೆ, ಮೊದಲು ಗುಬ್ಬಿಯೊ ಊರು, ಆಮೇಲೆ ಸ್ಪೊಲೇತೊ. ಪಾದ್ರಿಯೊಬ್ಬ ಸೈಕಲ್ ಹತ್ತಿ ಕೊಲೆ ಪತ್ತೆ ಮಾಡ್ತಾನೆ. ಪ್ರತಿ ಕಂತಲ್ಲೂ ಅದೇ ವಿಚಾರಣೆ: ಎಲ್ಲಿದ್ದೆ, ಎಷ್ಟು ಗಂಟೆಗೆ ಬಂದೆ, ಯಾರನ್ನ ನೋಡಿದೆ. ಭೂತಕಾಲದ ಕ್ರಿಯಾಪದ ಕಿವಿಗೆ ಇಳಿಯೋಕೆ ಕೊಲೆ ವಿಚಾರಣೆಯಷ್ಟು ಅನುಕೂಲ ಇನ್ನೊಂದಿಲ್ಲ. ಅದರಲ್ಲಿನ ಪೊಲೀಸ್ ಅಧಿಕಾರಿ ಮರೆಶಾಲ್ಲೊ ಚೆಕ್ಕೀನಿ ಬಾಯಿ ತೆರೆದಾಗ ಮಾತ್ರ ತಲೆ ಕೆಡಿಸಿಕೊಳ್ಳಬೇಡಿ. ಅವನದು ಪದಗಳ ಚೇಷ್ಟೆ, ಅದು ಆಮೇಲೆ ಅರ್ಥವಾಗುತ್ತೆ.

"ಉನ್ ಪೋಸ್ತೊ ಅಲ್ ಸೋಲೆ" 1996ರ ಅಕ್ಟೋಬರ್‌ನಿಂದ ಇಟಲಿಯ ಸರ್ಕಾರಿ ಟಿವಿ ರಾಯ್‌ನ ರಾಯ್ 3 ಚಾನೆಲ್‌ನಲ್ಲಿ ಬರ್ತಿರೋ ದಿನವಹಿ ಧಾರಾವಾಹಿ, ಕಂತಿಗೆ ಸುಮಾರು 25 ನಿಮಿಷ. ನೇಪಲ್ಸ್‌ನದೇ, ಆದರೆ ಬಹುಪಾಲು ಮಾತು ಇಟಾಲಿಯನ್, ರಾಗ ಮಾತ್ರ ನೇಪಲ್ಸ್‌ದು. ನಮ್ಮ ಧಾರಾವಾಹಿಗಳ ಹಾಗೇ ಒಂದೇ ವಿಷಯವನ್ನ ಮೂರು ಜನ ಮೂರು ಅಡುಗೆಮನೆಯಲ್ಲಿ ಮೂರು ಸಲ ಹೇಳ್ತಾರೆ. ಕಲಿಯೋರಿಗೆ ಅದು ವರ.

ಗೋಳಿಬಜೆ
ದೊನ್ ಮತ್ತೇಯೊ ಎಲ್ಲ ರಾಯ್‌ನ ಆನ್‌ಲೈನ್ ತಾಣ ರಾಯ್‌ಪ್ಲೇಯಲ್ಲಿದೆ ನಿಜ, ಆದರೆ ಅಲ್ಲಿನ ಬಹಳಷ್ಟು ಕಾರ್ಯಕ್ರಮ ಇಟಲಿಯ ಹೊರಗೆ ತೆರೆಯುವುದಿಲ್ಲ ಮಾರಾಯ್ರೆ. ಇಲ್ಲಿಂದಲೇ ಶುರು ಮಾಡುವವರಿಗೆ ಯೂಟ್ಯೂಬ್, ನೆಟ್‌ಫ್ಲಿಕ್ಸ್ ಸುಲಭ. ನೆಟ್‌ಫ್ಲಿಕ್ಸ್‌ನಲ್ಲಿ ಇಟಾಲಿಯನ್ ಆಯ್ಕೆ ಕಾಣದಿದ್ದರೆ ಹೊಸ ಪ್ರೊಫೈಲ್ ಮಾಡಿ ಅದರ ಭಾಷೆಯನ್ನು ಇತಾಲ್ಯಾನೊ ಎಂದು ಇಡಿ. ಕಂಪ್ಯೂಟರಿನಲ್ಲಿ ತೆರೆದರೆ ಭಾಷೆಯ ಪ್ರಕಾರ ಹುಡುಕುವ ವಿಭಾಗವೂ ಉಂಟು, ಅದರಲ್ಲಿ "ಮೂಲ ಭಾಷೆ" ಇಟಾಲಿಯನ್ ಇರುವಂಥದ್ದನ್ನು ಆರಿಸಿ. 2020ರಿಂದ 2022ರವರೆಗೆ ಬಂದ "ಸಮ್ಮರ್‌ಟೈಮ್" ನೋಡಬಹುದು. ಆಡ್ರಿಯಾಟಿಕ್ ಕಡಲ ತೀರದ ಹದಿಹರೆಯದವರ ಕಥೆ. ಕಥೆಯಲ್ಲಿ ಏನೂ ಇಲ್ಲ, ಮಾತು ಮಾತ್ರ ಬಿಡಿಸಿ ಬಿಡಿಸಿ ಆಡುತ್ತಾರೆ.

ಕ್ರೋಮ್‌ಗೆ ಲ್ಯಾಂಗ್ವೇಜ್ ರಿಯಾಕ್ಟರ್ ಎಂಬ ಎಕ್ಸ್‌ಟೆನ್ಷನ್ ಹಾಕಿಕೊಳ್ಳಿ. ಎಸ್ ಕೀಲಿ ಒತ್ತಿದರೆ ಅದೇ ಸಾಲು ಮತ್ತೆ, ಎ ಒತ್ತಿದರೆ ಹಿಂದಿನದು, ಡಿ ಒತ್ತಿದರೆ ಮುಂದಿನದು. ಎರಡನೇ ಭಾಷೆಯ ಸಾಲನ್ನು ಆಫ್ ಮಾಡಿಯೇ ಇಡಿ.

ಕೆಂಗೇರಿ ಕೊನೆಸ್ಟಾಪ್
ಇಂಗ್ಲಿಷ್ ಸಾಲು ಪೂರ್ತಿ ತೆಗೆದರೆ ಕಥೆಯೇ ಗೊತ್ತಾಗಲ್ಲವಲ್ಲ?

ದ್ವಿತ್ವ
ಕಥೆ ಗೊತ್ತಾಗಬೇಕಿದ್ದರೆ ಮೊದಲು ಇಂಗ್ಲಿಷ್ ಹಾಕಿಕೊಂಡು ಇಡೀ ಕಂತು ನೋಡಿ ಮುಗಿಸಿಬಿಡಿ, ಅದನ್ನ ಮನರಂಜನೆ ಲೆಕ್ಕಕ್ಕೆ ಬರೆಯಿರಿ. ಓದಬಲ್ಲ ಭಾಷೆ ಪರದೆ ಮೇಲಿದ್ದರೆ ಕಣ್ಣು ಅದನ್ನೇ ಓದುತ್ತೆ, ಕಿವಿ ರಜೆ ಹಾಕುತ್ತೆ. ಇಟಾಲಿಯನ್ ಮಾತಿನ ವೇಗ ಸೆಕೆಂಡಿಗೆ ಸುಮಾರು 7 ಅಕ್ಷರ. ಓದುತ್ತಾ ಅದನ್ನ ಹಿಡಿಯೋಕಾಗಲ್ಲ.

ಕಲಿಯೋ ಲೆಕ್ಕ ಬೇರೆ. ಮುಗಿಸಿದ ಕಂತಿನಿಂದ 3 ನಿಮಿಷದ ತುಂಡು ಆರಿಸಿ, ಇಬ್ಬರೇ ಮಾತಾಡೋ ದೃಶ್ಯ, ಹಿನ್ನೆಲೆ ಸಂಗೀತ ಕಡಿಮೆ ಇರೋದು. ಸಬ್‌ಟೈಟಲ್ ಇಲ್ಲದೆ ಒಂದು ಸಲ ಪೂರ್ತಿ ಕೇಳಿ. ಆಮೇಲೆ ಸಾಲು ಸಾಲಾಗಿ ನಿಲ್ಲಿಸಿ, ಕೇಳಿದ್ದನ್ನ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ಅರ್ಥವಾಗದಿದ್ದರೂ ಸದ್ದನ್ನ ಬರೆಯಿರಿ. ಒಂದು ಸಾಲಿಗೆ ನಾಲ್ಕು ಸಲಕ್ಕಿಂತ ಹೆಚ್ಚು ಕೇಳಬೇಡಿ, ಐದನೇ ಸಲಕ್ಕೆ ಕಿವಿ ಕಲ್ಪನೆ ಮಾಡೋಕೆ ಶುರು ಮಾಡುತ್ತೆ. ಈಗ ಇಟಾಲಿಯನ್ ಸಬ್‌ಟೈಟಲ್ ತೆರೆದು ಪಕ್ಕದಲ್ಲಿ ಸರಿಯಾದದ್ದು ಬರೆಯಿರಿ. ಮೊದಮೊದಲು 3 ನಿಮಿಷಕ್ಕೆ 40–45 ನಿಮಿಷ ಬೇಕು, ಅಲ್ಲಿಗೆ ನಿಮ್ಮ ಒಂದು ಗಂಟೆ ಹೆಚ್ಚುಕಡಿಮೆ ಆಯ್ತು.

ತಪ್ಪಾದ ಜಾಗಗಳನ್ನ ಮೂರು ಥರ ಗುರುತು ಹಾಕಿ. ಪದವೇ ಗೊತ್ತಿರಲಿಲ್ಲ: ಅದು ಶಬ್ದಕೋಶದ ಕೆಲಸ. ಪದ ಗೊತ್ತಿತ್ತು, ಕೇಳಿಸಲಿಲ್ಲ: ಇದೇ ಚಿನ್ನ, ಇದಕ್ಕಾಗೇ ವಿಡಿಯೊ ನೋಡೋದು. ನೀವು ಬರೆದದ್ದೇ ಸರಿ, ಸಬ್‌ಟೈಟಲ್ಲೇ ಬೇರೆ: ಬಿಟ್ಟುಬಿಡಿ.

ಯಾಕೆ ಕನ್ನಡ ಲಿಪಿ ಅಂದ್ರೆ, ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಕೈ ಇಂಗ್ಲಿಷ್ ಕಾಗುಣಿತದ ಕಡೆ ಎಳೆಯುತ್ತೆ. ಇಟಾಲಿಯನ್‌ನ ತ, ದ ಎರಡೂ ದಂತ್ಯ, ನಮ್ಮವೇ. ಕ, ಪಗಳಲ್ಲಿ ಮಹಾಪ್ರಾಣದ ಉಸಿರಿಲ್ಲ. ಪದಗಳು ಸ್ವರದಲ್ಲಿ ಮುಗಿಯೋದು ನಮಗೆ ಅಭ್ಯಾಸ, ಬಸ್ಸನ್ನೂ ಬಸ್ಸು ಅನ್ನೋ ಜನ ನಾವು. ಎಲ್ಲಕ್ಕಿಂತ ಮುಖ್ಯ ಒತ್ತಕ್ಷರ. ಪಾಲ ಅಂದ್ರೆ ಸಲಿಕೆ, ಪಲ್ಲ ಅಂದ್ರೆ ಚೆಂಡು. ಕಪೆಲ್ಲೊ ಕೂದಲು, ಕಪ್ಪೆಲ್ಲೊ ಟೋಪಿ. ಬಳಿ, ಬಳ್ಳಿ ಬೇರೆ ಅಂತ ಮೂರು ವರ್ಷದ ಮಗುವಿಗೂ ಗೊತ್ತಿರೋ ನಾಡಿನವರಿಗೆ ಇದು ಪುಕ್ಕಟೆ. ಇಂಗ್ಲಿಷ್ ಮಾತೃಭಾಷೆಯವರು ವರ್ಷಗಟ್ಟಲೆ ಒದ್ದಾಡೋ ಜಾಗ. ವಯಸ್ಸು ಹೇಳುವಾಗ ಮಾತ್ರ ಮೈಮೇಲೆ ಎಚ್ಚರ ಇರಲಿ: ಅನ್ನಿ ಅಂದ್ರೆ ವರ್ಷಗಳು, ಒತ್ತು ಬಿಟ್ಟು ಆನಿ ಅಂದ್ರೆ ಕೂರೋ ಜಾಗದ ಮಾತಾಗುತ್ತೆ.

ಹುಬ್ಬಳ್ಳಿ ಮಿರ್ಚಿ
ಒಂದು ಸಾಲು ಬಿಡಿಸಿ ತೋರಸ್ರಿ.

ದ್ವಿತ್ವ
ಸೀರಿಯಲ್‌ಗಳಲ್ಲಿ ದಿನಾ ಬರೋಂಥದ್ದು: "ಮಾ ಕೆ ನೆ ಸೊ ಇಯೊ? ತೆ ಲೊ ದೆತ್ತೊ, ನೊನ್ ಚೆ ಲೊ." ನನಗೇನ್ ಗೊತ್ತು? ಹೇಳಿದೆನಲ್ಲ, ನನ್ನ ಹತ್ರ ಇಲ್ಲ. ಪುಸ್ತಕದಲ್ಲಿ ಇಷ್ಟು ಬಿಡಿಬಿಡಿ. ರೋಮ್‌ನವರ ಬಾಯಲ್ಲಿ ಕೇಳೋದು: "ಮಕ್ಕೆನೆಸೊಯ್ಯೊ? ತೆಲೊದ್ದೆತ್ತೊ, ನೊಂಚೆಲೊ."

ಮಕ್ಕೆ ಎಲ್ಲಿಂದ ಬಂತು? ಮಾ ಆದ ಮೇಲೆ ಬಂದ ಕ ದ್ವಿತ್ವವಾಯ್ತು. ಲೊ ಆದ ಮೇಲೆ ದೆತ್ತೊ ಹೋಗಿ ದ್ದೆತ್ತೊ. ಅ, ಎ, ಮಾ, ಕೆ, ತ್ರೆ ಥರದ ಚಿಕ್ಕ ಪದಗಳ ನಂತರ ಮಧ್ಯ ಮತ್ತು ದಕ್ಷಿಣ ಇಟಲಿಯಲ್ಲಿ ಹೀಗೇ ಆಗುತ್ತೆ. "ಅ ಕಾಸ", ಅಂದರೆ ಮನೆಗೆ, ಅಕ್ಕಾಸ ಅಂತ ಕೇಳುತ್ತೆ. ಸಬ್‌ಟೈಟಲ್‌ನಲ್ಲಿ ಈ ಒತ್ತು ಬರೆಯೋದೇ ಇಲ್ಲ. ನಿಘಂಟಿನಲ್ಲಿ ಅಕ್ಕಾಸ ಹುಡುಕಿ ಸುಸ್ತಾಗೋರು ತುಂಬ ಜನ. ಸಂಧಿ ಅಂತ ತಿಳಿದುಕೊಂಡರೆ ಮುಗೀತು, ಬಿಡಿಸೋಕೆ ನಮಗೆ ಎಂಟನೇ ಕ್ಲಾಸಿನಿಂದ ಅಭ್ಯಾಸ.

ಪೊ ನದಿ ದಡ
ಮೇಲಿನದು ಸರಿ, ಆದರೆ ತೊರಿನೊಗೆ ಹೋಗೋರಿಗೆ ಒಂದು ತಿದ್ದುಪಡಿ. ಉತ್ತರದಲ್ಲಿ ಈ ದ್ವಿತ್ವ ಇಲ್ಲ, ಅ ಕಾಸ ಬಿಡಿಯಾಗೇ ಕೇಳುತ್ತೆ. ಬದಲಿಗೆ ಎರಡು ಸ್ವರಗಳ ನಡುವಿನ ಸ ಮೆತ್ತಗಾಗಿ "ಕಾಝ" ಆಗುತ್ತೆ. ಭೂತಕಾಲಕ್ಕೆ "ಓ ಮಂಜಾತೊ" (ತಿಂದೆ) ರೂಪ ಒಂದೇ ಸಾಕು. ಸಿಸಿಲಿಯ ಪೊಲೀಸ್ ಅಧಿಕಾರಿಯ ಕಥೆ ಮೊಂತಲ್ಬಾನೊ ಸರಣಿ ನೋಡಿ ಅಲ್ಲಿಯವರ ಹಾಗೆ ಬೆಳಿಗ್ಗೆ ತಿಂದ ತಿಂಡಿಗೂ "ಮಂಜಾಯ್" ಅಂದರೆ ತೊರಿನೊದಲ್ಲಿ ಪುರಾಣ ಹೇಳ್ತಿದ್ದೀರಿ ಅಂದುಕೊಳ್ತಾರೆ. ಇನ್ನೊಂದು, "ಸೋಲೊ ಪ್ಯು" ಅನ್ನೋದು ತೊರಿನೊ ಇರೋ ಪಿಯೆಮೊಂತೆ ಪ್ರಾಂತದ ಕಡೆಯ ಮಾತು: "ಓ ಸೋಲೊ ಪ್ಯು ದ್ಯೇಚಿ ಎವುರೊ" ಅಂದ್ರೆ ಇನ್ನು ಹತ್ತೇ ಯೂರೊ ಉಳಿದಿದೆ. ಉಳಿದ ಕಡೆಯ ಇಟಾಲಿಯನ್ನರಿಗೇ ಇದು ವಿಚಿತ್ರ.

ಗೋಳಿಬಜೆ
ಮೊಂತಲ್ಬಾನೊ ಬಗ್ಗೆ ಒಂದು ಒಳ್ಳೆ ಮಾತನ್ನೂ ಹೇಳಬೇಕಲ್ಲ. ಫೋನ್ ಎತ್ತಿದ ಕೂಡಲೆ ಅವನು ಹೇಳುವುದು "ಮೊಂತಲ್ಬಾನೊ ಸೋನೊ" (ನಾನು ಮೊಂತಲ್ಬಾನೊ), ಕ್ರಿಯಾಪದ ಕೊನೆಗೆ! ಸಿಸಿಲಿಯ ಧಾಟಿ ಅದು. ನಮಗೆ ತೀರಾ ಸಹಜ, ಪರೀಕ್ಷೆಯಲ್ಲಿ ಮಾತ್ರ ಹಾಗೆ ಬರೆಯಬೇಡಿ. ಬಿ1 ದಾಟಿದ ಮೇಲೆ ನೋಡಿ. ಒಂದೊಂದು ಕಂತೂ ಸಿನಿಮಾದಷ್ಟು ಉದ್ದ, ಹಾಗಾಗಿ ತುಂಡು ತುಂಡಾಗಿ. ಕತರೆಲ್ಲ ಎಂಬ ಪೇದೆ ಹೆಸರುಗಳನ್ನೆಲ್ಲ ಉಲ್ಟಾಪಲ್ಟಾ ಮಾಡುತ್ತಾನೆ, ಅವನ ಮಾತು ಬರೆದುಕೊಳ್ಳಲು ಹೋಗಬೇಡಿ.

ಬಾಳೆಎಲೆ
ಕೊಲೆ, ಪೊಲೀಸ್ ಬಿಟ್ಟು ಅಡುಗೆ ವಿಡಿಯೊ ಯಾರೂ ಹೇಳ್ಲಿಲ್ಲ. ಹೊಸಬರಿಗೆ ಅದರಷ್ಟು ಸುಲಭದ್ದು ಬೇರೆ ಇಲ್ಲ, ಯಾಕಂದ್ರೆ ಕ್ರಿಯಾಪದ ಬಾಯಲ್ಲಿ ಬಂದ ಕ್ಷಣಕ್ಕೇ ಕೈಯಲ್ಲೂ ನಡೆಯುತ್ತೆ. ಜಾಲ್ಲೊ ದ್ಸಫ್ಫೆರಾನೊ ಚಾನೆಲ್‌ನಲ್ಲಿ 2–5 ನಿಮಿಷದ ವಿಡಿಯೊಗಳು ಬೇಕಾದಷ್ಟಿವೆ. ಸ್ಕೊಲಾರೆ ಅಂದಾಗ ಪಾಸ್ತಾ ಬಸೀತಾರೆ. ನಮ್ಮ ಅನ್ನ ಬಸಿಯೋದೇ. ಇಂಪಸ್ತಾರೆ ಅಂದ್ರೆ ಹಿಟ್ಟು ನಾದೋದು. ಸೊಫ್ಫ್ರಿಜ್ಜೆರೆ ಅಂದ್ರೆ ಈರುಳ್ಳಿ ಬಾಡಿಸೋದು. ಗ್ರತ್ತುಜಾರೆ ತುರಿಯೋದು, ತ್ರಿತಾರೆ ಸಣ್ಣಗೆ ಹೆಚ್ಚೋದು, ಸೆತಚ್ಚಾರೆ ಜರಡಿ ಹಿಡಿಯೋದು. "ಅ ಫ್ವೋಕೊ ಲೆಂತೊ" ಅಂದರೆ ಸಣ್ಣ ಉರಿ. ಸಾಮಗ್ರಿ ಪಟ್ಟಿಯಲ್ಲಿ ಉಪ್ಪಿನ ಮುಂದೆ "ಕ್ವಾಂತೊ ಬಾಸ್ತ" ಅಂತ ಇದ್ರೆ ರುಚಿಗೆ ತಕ್ಕಷ್ಟು.

ಇನ್ನೊಂದು ಗಮನಿಸಿ. ಅಡುಗೆಯವರು ಹೆಚ್ಚಾಗಿ "ನಾವು" ರೂಪದಲ್ಲಿ ಮಾತಾಡ್ತಾರೆ: ಅಜ್ಜುಂಜ್ಯಾಮೊ, ಸೇರಿಸೋಣ. ಮೆತ್ತ್ಯಾಮೊ, ಹಾಕೋಣ. ನಮ್ಮ ಟಿವಿ ಅಡುಗೆಯವರೂ "ಈಗ ಒಗ್ಗರಣೆ ಹಾಕ್ಕೊಳೋಣ" ಅಂತಾರಲ್ಲ, ಹಾಗೇ. ಹತ್ತು ವಿಡಿಯೊ ನೋಡೋವಷ್ಟರಲ್ಲಿ "ಯಾಮೊ" ರೂಪ ನಾಲಿಗೆ ಮೇಲೆ ಕೂತಿರುತ್ತೆ. ಕೊರತೆ ಅಂದ್ರೆ ಪ್ರಶ್ನೆ-ಉತ್ತರ ಇಲ್ಲ, "ನೀನು", "ನೀವು" ಬರಲ್ಲ. ಅದಕ್ಕೆ ಧಾರಾವಾಹಿನೇ ಬೇಕು.

ಹುಬ್ಬಳ್ಳಿ ಮಿರ್ಚಿ
ಡಬ್ಬಿಂಗ್ ಆದ ಇಂಗ್ಲಿಷ್ ಸೀರಿಯಲ್ ನೋಡಿದ್ರ ಏನ್ ತಪ್ಪು? ಕಥಿ ಮೊದಲ ಗೊತ್ತಿರ್ತದ, ಧ್ವನಿನೂ ಸ್ಟುಡಿಯೋದ್ದು, ಸ್ವಚ್ಛ. ಇಟಲಿ ಮಂದಿ 1930ರ ದಶಕದಿಂದ ಹೊರಗಿನ ಸಿನಿಮಾ ಎಲ್ಲಾ ಡಬ್ ಮಾಡೇ ನೋಡ್ಕೋತ ಬಂದಾರ. ಆ ಕಲಾವಿದರ ಉಚ್ಚಾರ ಅಂದ್ರ ಉಚ್ಚಾರ. ಪ್ರಾಂತದ ವಾಸನಿ ಇರಂಗಿಲ್ಲ.

ದ್ವಿತ್ವ
ಉಚ್ಚಾರಕ್ಕೆ ನಿಮ್ಮ ಮಾತು ನೂರಕ್ಕೆ ನೂರು ಒಪ್ಪುವೆ. ಎರಡು ತೊಡಕಿವೆ. ಡಬ್ಬಿಂಗ್ ಇಟಾಲಿಯನ್ ಅನ್ನೋದೇ ಬೇರೆ ಒಂದು ಭಾಷೆ, ಅವರೇ ಅದಕ್ಕೆ ದೊಪ್ಪ್ಯಜ್ಜೇಸೆ ಅಂತ ಹೆಸರಿಟ್ಟಿದ್ದಾರೆ. ಸಿಟ್ಟು ಬಂದವನು ಡಬ್ಬಿಂಗ್‌ನಲ್ಲಿ "ದನ್ನತ್ಸ್ಯೋನೆ!" (ಹಾಳಾಗಿ ಹೋಗ್ಲಿ) ಅಂತಾನೆ, ಬೀದಿಯಲ್ಲಿ ಹಾಗನ್ನೋರನ್ನ ಹುಡುಕಬೇಕು. ಡಬ್ ಆದ ಸೀರಿಯಲ್‌ನಲ್ಲಿ "ನಾನು ನಿನ್ನನ್ನು ಪ್ರೀತಿಸುತ್ತೇನೆ" ಅನ್ನೋ ಕನ್ನಡ ನಮಗೂ ಗೊತ್ತಲ್ಲ.

ಎರಡನೆಯದು ಕೆಲಸವನ್ನೇ ಕೆಡಿಸುತ್ತೆ. ಸಬ್‌ಟೈಟಲ್ ಒಂದು, ಧ್ವನಿ ಇನ್ನೊಂದು. ಡಬ್ಬಿಂಗ್ ಬರೆಯೋರು ತುಟಿ ಚಲನೆಗೆ ಹೊಂದಿಸ್ತಾರೆ, ಸಬ್‌ಟೈಟಲ್ ಬರೆಯೋರು ಓದೋ ವೇಗಕ್ಕೆ ಹೊಂದಿಸ್ತಾರೆ, ಇಬ್ಬರೂ ಬೇರೆಬೇರೆ ಅನುವಾದಕರು. ಬರೆದು ತಿದ್ದೋ ಅಭ್ಯಾಸ ಅಲ್ಲಿ ನಡೆಯಲ್ಲ, ನಿಮ್ಮದು ಸರಿ ಇದ್ದರೂ ತಪ್ಪು ಅಂತ ತೋರಿಸುತ್ತೆ.

ಗೋಳಿಬಜೆ
ಅದಕ್ಕೆ ಮದ್ದುಂಟು. ಪಟ್ಟಿಯಲ್ಲಿ ಇತಾಲ್ಯಾನೊ ಎರಡು ಸಲ ಇದ್ದರೆ ಸಿಸಿ ಎಂದು ಗುರುತಿರುವುದನ್ನು ಆರಿಸಿ. ಕಿವಿ ಕೇಳದವರಿಗೆ ಮಾಡಿದ್ದು, ಆಡಿದ ಮಾತಿಗೆ ಹತ್ತಿರ ಇರುತ್ತದೆ, ಬಾಗಿಲು ಬಡಿದ ಸದ್ದನ್ನೂ ಬರೆಯುತ್ತಾರೆ. ಇಟಲಿಗೆ ಹೋದ ಮೇಲೆ ರೂಮಿನ ಟಿವಿಯಲ್ಲಿ ರಾಯ್ ಚಾನೆಲ್ ಹಾಕಿ ತೆಲೆವೀದಿಯೊ ಬಟನ್ ಒತ್ತಿ 777 ಎಂದು ಹೊಡೆಯಿರಿ, ಸಬ್‌ಟೈಟಲ್ ಬರುತ್ತದೆ. ಆದರೆ ಮೂಲ ಇಟಾಲಿಯನ್ ಕಾರ್ಯಕ್ರಮದಲ್ಲೂ ಅಲ್ಲೋರ, ಚೊಯೆ, ಇನ್ಸೊಮ್ಮ ಇಂಥ ಮಾತಿನ ನಡುವೆ ತುಂಬುವ ಸಣ್ಣ ಪದಗಳನ್ನೆಲ್ಲ ಜಾಗ ಸಾಲದೆ ಕತ್ತರಿಸಿರುತ್ತಾರೆ. ಕೇಳಿಸಿದರೆ ನಿಮ್ಮ ಕಿವಿಯನ್ನೇ ನಂಬಿ.

ಯೂಟ್ಯೂಬಿನ ಸ್ವಯಂಚಾಲಿತ ಸಬ್‌ಟೈಟಲನ್ನು ಮಾತ್ರ ತಿದ್ದುಪಡಿಗೆ ಬಳಸಬೇಡಿ. ಅನ್ನೊ ಎಂದರೆ ವರ್ಷವೂ ಹೌದು, "ಅವರ ಹತ್ತಿರ ಇದೆ" ಎಂಬುದೂ ಹೌದು, ಬರೆಯುವುದು ಮಾತ್ರ ಬೇರೆ. ಯಂತ್ರ ಇಂಥ ಕಡೆ ಎಡವುತ್ತದೆ. ಅದನ್ನೇ ಮತ್ತೆ ಕನ್ನಡಕ್ಕೆ ಯಂತ್ರಾನುವಾದ ಮಾಡಿಸಿದರೆ ದೇವರೇ ಗತಿ. ವೇಗ 0.75ಕ್ಕಿಂತ ಇಳಿಸಬೇಡಿ. ಇಳಿಸಿದರೆ ಸ್ವರಗಳೆಲ್ಲ ಎಳೆದು ಪಾಲ, ಪಲ್ಲ ಎರಡೂ ಒಂದೇ ಥರ ಆಗುತ್ತದೆ.

ದ್ವಿತ್ವ
ಕನ್ನಡದವರು ಎಡವೋ ಜಾಗ ಒಂದಿದೆ, ಅದನ್ನ ಹೇಳದಿದ್ದರೆ ಮೇಲಿನ ಹೊಗಳಿಕೆ ಮೋಸವಾಗುತ್ತೆ. ಒತ್ತಿ ಹೇಳೋ ಅಕ್ಷರ. ಕನ್ನಡದಲ್ಲಿ ಯಾವ ಅಕ್ಷರ ಒತ್ತಿದರೂ ಅರ್ಥ ಬದಲಾಗಲ್ಲ, ನಾವು ಸುಮ್ಮನೆ ಮೊದಲನೆಯದರ ಮೇಲೆ ಭಾರ ಹಾಕ್ತೀವಿ. ಇಟಾಲಿಯನ್‌ನಲ್ಲಿ ಒಂದೇ ಕಾಗುಣಿತ, ಕಪಿತಾನೊ ಅಂದ್ರೆ ನಾಯಕ, ಕಾಪಿತನೊ ಅಂದ್ರೆ "ಸಂಭವಿಸುತ್ತವೆ". ಆಂಕೊರ ಲಂಗರು, ಅಂಕೋರ "ಇನ್ನೂ". ಫೋನನ್ನ ತೆಲೆಫೋನೊ ಅನ್ನಬೇಡಿ, ತೆಲೇಫೊನೊ.

ಬರೆದುಕೊಳ್ಳುವಾಗ ಒತ್ತಿದ ಅಕ್ಷರಕ್ಕೆ ದೀರ್ಘ ಕೊಡಿ. ಒತ್ತು ಬಿದ್ದ ತೆರೆದ ಅಕ್ಷರವನ್ನ ಅವರು ನಿಜವಾಗಿಯೂ ಎಳೀತಾರೆ, ಹಾಗಾಗಿ ಲಿಪಿ ಸುಳ್ಳು ಹೇಳಲ್ಲ. ಮುಂದೆ ಒತ್ತಕ್ಷರ ಇದ್ದರೆ ಎಳೆಯೋಕೆ ಬರಲ್ಲ, ಅಲ್ಲಿ ಅಡಿಗೆರೆ ಹಾಕಿ. ಪದದ ಕೊನೆಯ ಸ್ವರ ಯಾವಾಗಲೂ ಹ್ರಸ್ವ: ಪಾಸ್ತಾ ಅಲ್ಲ ಪಸ್ತ, ಪೀತ್ಸಾ ಅಲ್ಲ ಪಿತ್ತ್ಸ.

ಬಾಳೆಎಲೆ
ಹಾಗಾದ್ರೆ ನಮ್ಮೂರಿನ ಪಿಜ್ಜಾ ಪೂರ್ತಿ ಬೇರೆ ತಿಂಡಿ 😀

ಪೊ ನದಿ ದಡ
ಮರ್ಯಾದೆಯ ಮಾತು ಬಿಟ್ಟುಹೋಗಿದೆ. ತು ಅಂದ್ರೆ ನೀನು, ಲೇಯಿ ಅಂದ್ರೆ ನೀವು. ಆದರೆ ಲೇಯಿಗೆ "ಅವಳು" ರೂಪದ ಕ್ರಿಯಾಪದ ಬರುತ್ತೆ. ಸಬ್‌ಟೈಟಲ್ ನೋಡಿ "ಈಗ ಯಾವಳ ಬಗ್ಗೆ ಮಾತಾಡ್ತಿದ್ದಾರೆ" ಅಂತ ಗೊಂದಲ ಬೇಡ. ದೊನ್ ಮತ್ತೇಯೊದ ಕರಬಿನ್ಯೇರಿಗಳು (ಪೊಲೀಸರು) ಸಾಕ್ಷಿಗಳ ಜೊತೆ ಲೇಯಿಯಲ್ಲೇ ಮಾತಾಡೋದರಿಂದ ಕಚೇರಿಗೆ ಬೇಕಾದ ಇಟಾಲಿಯನ್ ಅಲ್ಲೇ ಸಿಗುತ್ತೆ. ಹದಿಹರೆಯದವರ ಸರಣಿಗಳಲ್ಲಿ ಬರೀ ತು. ಅದನ್ನಷ್ಟೇ ನೋಡಿ ಕ್ವೆಸ್ತೂರ ಕೌಂಟರ್‌ನಲ್ಲಿ ಅಧಿಕಾರಿಗೆ ತು ಅಂದರೆ "ಏನೋ" ಅಂದ ಹಾಗೆ.

ಬಂದು 8 ಕೆಲಸದ ದಿನದೊಳಗೆ ಪೆರ್ಮೆಸ್ಸೊ ದಿ ಸೊಜ್ಜೋರ್ನೊಗೆ (ವಾಸದ ಪರವಾನಗಿ) ಅರ್ಜಿ ಹಾಕಬೇಕು. ಅದರ ಬಗ್ಗೆ ಇಟಾಲಿಯನ್‌ನಲ್ಲೇ ವಿವರಿಸೋ ವಿಡಿಯೊ ಯೂಟ್ಯೂಬ್‌ನಲ್ಲಿವೆ, ಒಂದನ್ನ ನಿಮ್ಮ 3 ನಿಮಿಷದ ತುಂಡಾಗಿ ತಗೊಳ್ಳಿ. ಮಾರ್ಕ ದ ಬೊಲ್ಲೊ (16 ಯೂರೊ ಸ್ಟಾಂಪು), ಕೋದಿಚೆ ಫಿಸ್ಕಾಲೆ (ತೆರಿಗೆ ಸಂಖ್ಯೆ), ಮನೆ ವಿಷಯಕ್ಕೆ ಕಪಾರ್ರ (ಮುಂಗಡ), ಬೊಲ್ಲೆತ್ತ (ಕರೆಂಟು, ಗ್ಯಾಸ್ ಬಿಲ್ಲು). ಇವು ಯಾವ ಧಾರಾವಾಹಿಯಲ್ಲೂ ಸಲೀಸಾಗಿ ಬರಲ್ಲ.

ಹುಬ್ಬಳ್ಳಿ ಮಿರ್ಚಿ
ಸಣ್ಣ ಮಾತುಗಳದ್ದೂ ಹೇಳಿಬಿಡ್ರಿ. ಬೊ, ದಾಯ್, ಮಗಾರಿ ಇವು ಪ್ರತಿ ಸಾಲಿಗೂ ಬರ್ತಾವ, ಪುಸ್ತಕದಾಗ ಇರಂಗಿಲ್ಲ.

ದ್ವಿತ್ವ
ಬೊ: ಯಾರಿಗ್ಗೊತ್ತಪ್ಪ. ಹೆಗಲು ಕುಣಿಸೋದೂ ಅದರ ಭಾಗ. ದಾಯ್: ಬಾರೋ, ಬೇಗ, ಹೋಗ್ಲಿಬಿಡು, ಸುಳ್ಳು ಹೇಳ್ಬೇಡ, ರಾಗದ ಮೇಲೆ ಹೋಗುತ್ತೆ. ಮಗಾರಿ ವಾಕ್ಯದೊಳಗೆ ಬಂದರೆ "ಬಹುಶಃ", ಒಂಟಿಯಾಗಿ ಬಂದರೆ "ಹಾಗಾಗಿದ್ರೆ ಎಷ್ಟು ಚೆನ್ನಾಗಿತ್ತು". ಮೀಕ ಅಲ್ಲಗಳೆಯೋಕೆ: "ನೊನ್ ಸೋನೊ ಮೀಕ ಸ್ತೂಪಿದೊ", ನಾನೇನು ದಡ್ಡನಲ್ಲ. ಆ ನಮ್ಮ "ಏನು" ಇದೆಯಲ್ಲ, ಅದೇ ಮೀಕ.

"ಮಿ ಪ್ಯಾಚೆ" ಅಂದ್ರೆ ನನಗೆ ಇಷ್ಟ, "ಮಿ ಸೆರ್ವೆ" ನನಗೆ ಬೇಕು, "ಮಿ ಸೆಂಬ್ರ" ನನಗನಿಸುತ್ತೆ. ಎಲ್ಲ ಚತುರ್ಥಿ ವಿಭಕ್ತಿ. ಇದನ್ನ ಇಂಗ್ಲಿಷ್ ದಾರಿ ಹಿಡಿದು ಕಲಿಯೋದು ಮನೆ ಪಕ್ಕದ ಅಂಗಡಿಗೆ ಮೆಜೆಸ್ಟಿಕ್ ಸುತ್ತಿ ಹೋದ ಹಾಗೆ.

ಗೋಳಿಬಜೆ
ಈ ಪ್ರಶ್ನೆಗೆ ಸಂಬಂಧ ಇಲ್ಲ, ಆದರೂ ಹೇಳಬೇಕೆನಿಸಿತು. ಟಿವಿ ನೋಡಿ ಇಟಾಲಿಯನ್ ಕಲಿತವರಲ್ಲಿ ಮೊದಲಿಗರು ಇಟಲಿಯವರೇ. 1861ರಲ್ಲಿ ದೇಶ ಒಂದಾದಾಗ ಇಟಾಲಿಯನ್ ಮಾತಾಡುತ್ತಿದ್ದವರು ನೂರಕ್ಕೆ ಎರಡೂವರೆ ಎಂದು ತೂಲ್ಲಿಯೊ ದೆ ಮಾವುರೊ ಎಂಬ ಭಾಷಾವಿಜ್ಞಾನಿ ಅಂದಾಜು ಮಾಡಿದ್ದರು. ಉಳಿದವರದ್ದೆಲ್ಲ ಅವರವರ ಊರಿನ ಭಾಷೆ. ರಾಯ್ ಟಿವಿ ಶುರುವಾದದ್ದು 1954ರ ಜನವರಿ 3ರಂದು. 1960ರಿಂದ 1968ರವರೆಗೆ ಅಲ್ಬೆರ್ತೊ ಮಾಂತ್ಸಿ ಎಂಬ ಮೇಷ್ಟ್ರು ಟಿವಿಯಲ್ಲಿ ದೊಡ್ಡ ಕಾಗದದ ಮೇಲೆ ಇದ್ದಿಲಿನಲ್ಲಿ ಚಿತ್ರ ಬಿಡಿಸಿ, ಓದು ಬಾರದ ದೊಡ್ಡವರಿಗೆ ಅಕ್ಷರ ಕಲಿಸಿದರು. ಕಾರ್ಯಕ್ರಮದ ಹೆಸರು "ನೊನ್ ಎ ಮಾಯ್ ತ್ರೊಪ್ಪೊ ತಾರ್ದಿ", ಎಂದರೆ ಕಾಲ ಎಂದೂ ಮಿಂಚಿಲ್ಲ.

ಪೊ ನದಿ ದಡ
ದಿನಾ ಮಾಡೋಕೆ ಒಂದು ಚಿಕ್ಕದು: ಹವಾಮಾನ ವರದಿ. 2 ನಿಮಿಷ, ಅದೇ ನಕ್ಷೆ, ಅದೇ ಐವತ್ತು ಪದ. ವಾರ್ತೆಗೆ ಇನ್ನೂ ಕೈ ಹಾಕಬೇಡಿ, ಟಿಜಿ1ರ ವಾಕ್ಯಗಳು ಪತ್ರಿಕೆ ತಲೆಬರಹದ ಹಾಗೆ ಕ್ರಿಯಾಪದವೇ ಇಲ್ಲದೆ ಓಡ್ತವೆ. ಕೇಳಿದ ಸಾಲುಗಳಲ್ಲಿ ದಿನಕ್ಕೆ 5–8 ಮಾತ್ರ ಆ್ಯಂಕಿ ಅನ್ನೋ ಫ್ಲ್ಯಾಶ್‌ಕಾರ್ಡ್ ಆ್ಯಪ್‌ನಲ್ಲಿ ಧ್ವನಿ ಸಮೇತ ಹಾಕಿ. 30 ಹಾಕಿದರೆ ಎರಡನೇ ವಾರಕ್ಕೆ ಗುಡ್ಡ ಬಿದ್ದು ಆ್ಯಪ್ ತೆರೆಯೋದೇ ನಿಲ್ಲುತ್ತೆ.

ಕೆಂಗೇರಿ ಕೊನೆಸ್ಟಾಪ್
ಹವಾಮಾನ ವರದಿಯ ಮೂರು ಸಾಲು ಬರೆದೆ, ತಿದ್ದಿಕೊಡಿ:
"ಅಲ್ ನೋರ್ದ್ ಚೇಲೊ ನುವೊಲೋಝೊ ಕೊಂಪ್ಯೊಜ್ಜೆಸ್ಪಾರ್ಸೆ. ಅಲ್ ಚೆಂತ್ರೊ ಸ್ಕ್ಯರೀತೆ ನೆಲ್ ಪೊಮೆರಿಜ್ಜೊ. ತೆಂಪೆರತೂರೆ ಇಂಕಾಲ್ದೊ." ಕೊಂಪ್ಯೊ ಅನ್ನೋ ಪದ ಎಲ್ಲೂ ಸಿಗಲಿಲ್ಲ. ಕೊನೆಯದು ಸೆಕೆ ಜಾಸ್ತಿ ಅಂತ ತಾನೆ?

ದ್ವಿತ್ವ
ಚೆನ್ನಾಗಿ ಕೇಳಿದ್ದೀರಿ. ಕೊಂಪ್ಯೊ ಪದ ಅಲ್ಲ, "ಕೊನ್ ಪ್ಯೊಜ್ಜೆ ಸ್ಪಾರ್ಸೆ", ಅಲ್ಲಲ್ಲಿ ಮಳೆಯೊಂದಿಗೆ. ಪ ಎದುರಾದಾಗ ನ ಹೋಗಿ ಮ ಆಯ್ತು, ನಮ್ಮ ಸೊನ್ನೆ ಮಾಡೋ ಕೆಲಸವೇ. ಸ್ಕ್ಯರೀತೆ ಸರಿ, ಮೋಡ ಸರಿದು ಬೆಳಕಾಗೋದು. ನುವೊಲೋಝೊದಲ್ಲಿ ಝ ಕೇಳಿಸಿದೆ ಅಂದ್ರೆ ಓದಿದವರು ಉತ್ತರದವರಿರಬೇಕು.

ಕೊನೆಯದು ಕಾಲ್ದೊ ಅಲ್ಲ, "ಇನ್ ಕಾಲೊ". ಕಾಲ್ದೊ ಅಂದ್ರೆ ಸೆಕೆ, ಕಾಲೊ ಅಂದ್ರೆ ಇಳಿಕೆ. ತಾಪಮಾನ ಇಳಿಯುತ್ತೆ ಅಂದಿದ್ದಾರೆ. ಸ್ವೆಟರ್ ಇಟ್ಟುಕೊಳ್ಳಿ.